ಅಂಗೈಗೂ ಸಿಗದ ಚಂದ್ರ

"ಇಷ್ಟು ದೊಡ್ಡ ಚಂದ್ರ ಎಲ್ಲಿರ್ತಾನೆ ಸಾರ್? ಕೈ ಚಾಚಿದ್ರೆ ಕಿರುಬೆರಳಿನ ಹಿಂದೆ ಅಡಗಿಬಿಡ್ತಾನೆ," ಎನ್ನುತ್ತ ಗ್ರಾಫಿಕ್ಸ್ ಮಾಡುವವಳು ಪರದೆಯ ಮೇಲಿನ ಚಂದ್ರನನ್ನು ಕುಗ್ಗಿಸಲು ಹೊರಟಳು.

"ಕೊನೇ ಸಾಲಿನವನಿಗೂ ಕಾಣ್ಬೇಕಲ್ಲಮ್ಮಾ," ಎಂದು ನಿರ್ದೇಶಕ ಗೊಣಗಿದ.

ಕಣ್ಣಿನ ಆಸ್ಪತ್ರೆಯಿಂದ ಅವಳ ಜೊತೆ ನೇರ ಸ್ಟುಡಿಯೋಗೆ ಬಂದಿದ್ದ ಅವಳ ಅಮ್ಮ ಹಿಂದಿನ ಕುರ್ಚಿಯಲ್ಲಿದ್ದಳು. ಮಗಳಿಗೆ ಕಿರುಬೆರಳಿನ ಆ ಆಟ ಕಲಿಸಿದವಳು ಅವಳೇ. ಈಗ ಅವಳಿಗೆ ರಾತ್ರಿಯ ಆಕಾಶವೆಂದರೆ ಬರೀ ಕಪ್ಪು.

"ತಡಿ ಮಗಾ," ಎಂದ ಅಮ್ಮ ಪರದೆಯತ್ತ ಕಿರುಬೆರಳು ಚಾಚಿದಳು. ಆಮೇಲೆ ಹೆಬ್ಬೆರಳು. ಆಮೇಲೆ ಇಡೀ ಅಂಗೈ. ಬೆರಳಸಂದಿಯಿಂದ ಬೆಳದಿಂಗಳು ಸೋರಿ ಅವಳ ಮುಖಕ್ಕೆ ಹರಡಿತು. "ಎಷ್ಟು ವರ್ಷ ಆಯ್ತೋ ಇವನನ್ನ ನೋಡಿ."

ಮಗಳ ಕೈ ಮೌಸ್ ಮೇಲೆ ನಿಂತಿತು. "ಸಾರ್," ಎಂದಳು ತಿರುಗದೆ, "ಇನ್ನೂ ಸ್ವಲ್ಪ ದೊಡ್ಡದು ಮಾಡ್ಲಾ?"