ಮೊದಲು ಯಾವ ಮಷಿನ್?

"ನಾನು ತಾಜುದ್ದೀನ ರೀ. ಈ ತಿಂಗಳಿನ ಅಪ್‌ಡೇಟ್ ಹಾಕಾಕ ಬಂದೇನಿ."

ಆಸ್ಪತ್ರೆಯ ದಾಖಲೆ ವಿಭಾಗದ ಮೇಜಿನಲ್ಲಿ ಕುಳಿತಿದ್ದ ಸುರಯ್ಯಾ ತಲೆ ಎತ್ತಿದಳು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೊರಳಲ್ಲಿ ಗುರುತಿನ ಕಾರ್ಡು. ಕಾರ್ಡಿನಲ್ಲಿ ಅದೇ ಹೆಸರು, ಅದೇ ಮುಖ. ಅವಳ ನೋಟ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿತು.

"ಹೊಸಬ್ರೇನ್ರಿ ನೀವು?" ಆತ ನಕ್ಕ.

"ಹೌದ್ರಿ, ಮೊನ್ನೆ ಸೋಮವಾರ ಸೇರೇನಿ. ಹ್ವಾದ ತಿಂಗಳೂ ನೀವ ಬಂದಿದ್ರೇನು?"

"ಪ್ರತಿ ತಿಂಗಳೂ ನಾನ ರೀ."

ಗೋಕಾಕದ ಆ ಖಾಸಗಿ ಆಸ್ಪತ್ರೆಗೆ ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು ಶಾಖೆಯಿತ್ತು. ಯಾರ ರಕ್ತ ಯಾವ ಗುಂಪು, ಯಾರಿಗೆ ಯಾವ ಔಷಧ ಒಗ್ಗದು, ಮೂರೂ ಊರಿನ ರೋಗಿಗಳ ಇಂಥ ದಾಖಲೆಗಳೆಲ್ಲ ಗೋಕಾಕದ ಒಳಕೋಣೆಯ ಕಂಪ್ಯೂಟರಿನಲ್ಲಿದ್ದವು. ಬೇರೊಂದು ಜಿಲ್ಲೆಯ ಆಸ್ಪತ್ರೆಯಲ್ಲಿ ಇಂಟರ್ನೆಟ್ ಮೂಲಕ ನುಗ್ಗಿದ ಕಳ್ಳರು ಇಂಥದೇ ಕಂಪ್ಯೂಟರಿನ ದಾಖಲೆ ತೆರೆಯದಂತೆ ಬೀಗ ಜಡಿದಿದ್ದರಿಂದ ಶಸ್ತ್ರಚಿಕಿತ್ಸೆಗಳೇ ನಿಂತುಹೋಗಿದ್ದವು. ಅವರು ನುಸುಳುವ ಬಿರುಕುಗಳನ್ನು ಮುಚ್ಚಲೆಂದೇ ತಿಂಗಳಿಗೊಮ್ಮೆ ಈ ಅಪ್‌ಡೇಟ್. ಹೆರಿಗೆ ಕೋಣೆಯಲ್ಲಿ ಆ ಹೊತ್ತು ಒಬ್ಬಳು ನೋವು ತಿನ್ನುತ್ತಿದ್ದಳು.

"ಮೊದಲು ಯಾವ ಮಷಿನ್ನಿಗೆ ಹಾಕ್ತೀರಿ?" ಸುರಯ್ಯಾ ಕೇಳಿದಳು.

"ರೋಗಿಗಳ ದಾಖಲಿ ಇರೂದಕ್ಕ ರೀ. ಅದು ಮುಗಿದ್ರ ಉಳಿದವು ತಡೀತಾವ. ಪಾಸ್‌ವರ್ಡ್ ಅಷ್ಟು ಹಾಕಿ ಕೊಡ್ರಿ."

ಈ ಕೆಲಸದ ಕ್ರಮ ಅವಳಿಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಮೊದಲು ಮೂಡಲಗಿಯಲ್ಲಿ ಹೆಸರು ಬರೆಸುವ ಸಣ್ಣ ಕಂಪ್ಯೂಟರು. ಅದು ಕೆಟ್ಟರೂ ಯಾರ ಜೀವಕ್ಕೂ ಅಪಾಯವಿಲ್ಲ. ಅದು ಸರಿಯಾಗಿ ನಡೆದರೆ, ಆಮೇಲೆ ಹೊರಗಿನ ಇಂಟರ್ನೆಟ್ಟಿಗೆ ನೇರ ತೆರೆದುಕೊಂಡಿರುವ ಕಂಪ್ಯೂಟರುಗಳು, ಅವುಗಳಲ್ಲೂ ಮೊದಲು ಕಳ್ಳರು ಬೇರೆಡೆ ಈಗಾಗಲೇ ನುಗ್ಗುತ್ತಿರುವಂಥ ಬಿರುಕು ಇರುವವು. ದಾಖಲೆಯದು ಅವೆಲ್ಲ ಆದಮೇಲೆ, ರೋಗಿಗಳ ಸಾಲು ಕರಗಿದ ಮೇಲೆ. ನಡುಹಗಲಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.

"ಪಾಪ, ಬಿಸಲಾಗ ಬಂದಾರ. ನಿಂದರಿಸಿ ಸವಾಲು ಕೇಳ್ತಿಯಲ್ಲವಾ!" ತಿಂಗಳ ಅಪ್‌ಡೇಟಿನವನನ್ನು ಎಂದೂ ಕಂಡಿರದ ಹಗಲು ಪಾಳಿಯ ಹಳೆಯ ಆಯಾ ಕೆಂಚವ್ವ ಕುರ್ಚಿ ಎಳೆದು ಕೊಟ್ಟಳು. "ಕುಂಡರ್ರಿ ಸಾಹೇಬ್ರ. ಚಾ ತರ್ತೇನಿ."

ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು.

"ಸುರಯ್ಯಾ, ನಾನು ತಾಜುದ್ದೀನ. ಹುಕ್ಕೇರಿಯೊಳಗ ಅದೇನಿ. ಗೋಕಾಕಕ್ಕ ಬರೂದು ಸಂಜೀಕ ಆಗತೈತಿ. ಅಲ್ಲೀತನಕ ಮಷಿನ್ ಯಾರಿಗೂ ಮುಟ್ಟಾಕ ಕೊಡಬ್ಯಾಡ."

ಫೋನಿನವನಿಗೆ ಅವಳ ಹೆಸರೂ ಗೊತ್ತಿತ್ತು.

ಅವಳು ರಿಸೀವರಿಗೆ ಕೈ ಅಡ್ಡ ಹಿಡಿದು ಎದುರಿನವನನ್ನು ನೋಡಿದಳು. "ಇವರೂ ತಾಜುದ್ದೀನ ಅಂತಾರ್ರಿ."

ಆತನ ಮುಖ ಒಂದು ಕ್ಷಣ ಬಿಳುಚಿತು. ಮರುಕ್ಷಣ ನಗು. "ಈಗೀಗ ಇಂಥಾ ಮೋಸ ಭಾಳ ನಡದೈತ್ರಿ. ಇಟ್ಟಬಿಡ್ರಿ."

ಸುರಯ್ಯಾಳ ದನಿ ಏರಿತು. "ನೋಡ್ರಿ, ತಾಜುದ್ದೀನ ನನ್ನ ಎದುರಿಗೇ ಕುಂತಾರ. ಯಾರು ಖರೆ, ಯಾರು ಸುಳ್ಳು ಅಂತ ಪೊಲೀಸ್ರು ಇಲ್ಲಿಗೇ ಬಂದು ಕೇಳಲಿ. ಈಗಿಂದೀಗ!"

ಆ ಕಡೆಯಿಂದ "ಆತು" ಎಂಬ ಒಂದೇ ಮಾತು. ಫೋನು ಕಟ್ಟಾಯಿತು.

"ಚಲೋ ಮಾಡಿದ್ರಿ ಮೇಡಂ," ಎಂದು ಆತ ಕಾಲು ಚಾಚಿ ಕುಳಿತ. "ಫೋನಿನ್ಯಾಗ ಯಾರನ್ನೂ ನಂಬಬಾರದು."

"ಖರೆ ರೀ. ಬರ್ರಿ, ಮಷಿನ್ ತೋರಸ್ತೇನಿ."

ಔಷಧ ದಾಸ್ತಾನಿನ ಪಕ್ಕದ ಕೋಣೆಯಲ್ಲಿ ದೊಡ್ಡ ಕಪ್ಪು ಕಂಪ್ಯೂಟರನ್ನು ಹೊತ್ತಿಸಿ ಪಾಸ್‌ವರ್ಡ್ ಹಾಕಿಕೊಟ್ಟಳು. ಆತ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದ. "ಭಾಳ ನಿಧಾನ ಐತಲ್ರಿ ಇದು?"

"ಹಂಗ ರೀ ಅದು. ಸಾವಕಾಶ ಮಾಡ್ರಿ."

ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿದಳು. ಚಹಾ ಹಿಡಿದು ಬಂದ ಕೆಂಚವ್ವನನ್ನು ತಡೆದು ನಿಲ್ಲಿಸಿದಳು. ಹೆರಿಗೆ ಕೋಣೆಯ ನರ್ಸು ಓಡಿ ಬಂದು ಬಾಣಂತಿಗೆ ರಕ್ತ ಬೇಕೆಂದಳು. ಸುರಯ್ಯಾ ಒಳಕೋಣೆಗೆ ಹೋಗಿ ಗುಂಪು ನೋಡಿ ಹೇಳಿದಳು. ದಾಖಲೆಗಳು ಇದ್ದಲ್ಲೇ ಇದ್ದವು.

ಚಹಾ ಆರುವ ಮೊದಲೇ ಅಂಗಳದಲ್ಲಿ ಜೀಪು ನಿಂತಿತು. ಪೊಲೀಸರು ಚಿಲಕ ತೆಗೆದಾಗ ಆತ ಬೆವರುತ್ತ, ಗುಜರಿಗೆ ಹಾಕಲು ಎತ್ತಿಟ್ಟಿದ್ದ ಆ ಕಂಪ್ಯೂಟರಿನಲ್ಲಿ ಒಬ್ಬ ರೋಗಿಯ ಹೆಸರೂ ಸಿಗದೆ ತಡಕಾಡುತ್ತಿದ್ದ.

ಜೀಪು ಹೋದಮೇಲೂ ಕೆಂಚವ್ವ ಬೆರಗಿನಿಂದ ಹೊರಬಂದಿರಲಿಲ್ಲ. "ನೀ ನೋಡಿದ್ರ ಫೋನಿನಾಂವಗ ಬೈದಿ. ಪೊಲೀಸ್ರನ್ನ ಕಳಿಸಿದಾಂವ ಅವನ ಅಂತ. ಮಾರಿನೂ ನೋಡಲಾರದ ಅವನ ಖರೇ ತಾಜುದ್ದೀನ ಅಂತ ಹೆಂಗ ನಂಬಿದೆವಾ?"

ಸುರಯ್ಯಾ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಗಂಡನ ದನಿ ನನಗ ಗುರ್ತ ಸಿಗೂದಿಲ್ಲೇನ್ರಿ, ಆಯಿ?"