ಬೇರೆ ತಟ್ಟೆ

ಎಲ್ಲರಿಗೂ ನಡುವೆ ಒಂದೇ ದೊಡ್ಡ ತಟ್ಟೆ. ಸಬ್ಲೆಯ ಮುಂದೆ ಮಾತ್ರ ಚಿಕ್ಕಮ್ಮ ಎತಗೆನ್ ಬೇರೊಂದು ಪಿಂಗಾಣಿ ತಟ್ಟೆ, ಫೋರ್ಕು, ಬಾಟಲಿ ನೀರು ತಂದಿಟ್ಟಳು.

“ಇದೇನು ಚಿಕ್ಕಮ್ಮ? ನಾನೂ ಇದೇ ಆಡಿಸ್ ಅಬಾಬಾದಲ್ಲಿ ಹುಟ್ಟಿದವಳಲ್ವಾ?”

“ವಾಷಿಂಗ್ಟನ್ನಿಂದ ಬಂದಿದ್ದೀಯ ತಾಯಿ, ನಮ್ಮ ಥರ ಕೈಯಲ್ಲಿ ತಿನ್ನೋದು ನಿನಗೆಲ್ಲಿ ಒಗ್ಗುತ್ತೆ? ಖಾರಾನೂ ಕಮ್ಮಿ ಹಾಕಿದ್ದೀನಿ, ಪಾಪ.”

ಆ ‘ಪಾಪ’ ಕೇಳಿ ಸಬ್ಲೆಗೆ ಮೈ ಉರಿದುಹೋಯಿತು. ವಾಷಿಂಗ್ಟನ್ನಿನಲ್ಲಿ ಅವಳು ಓಡಿಸುವ ಟ್ಯಾಕ್ಸಿ ಹತ್ತಿದವರೆಲ್ಲ ‘ನಿಮ್ಮ ದೇಶ ಯಾವುದು’ ಎಂದು ಕೇಳುತ್ತಾರೆ. ಸ್ವಂತ ಚಿಕ್ಕಮ್ಮನೂ ಅವರ ಸಾಲಿಗೆ ಸೇರಿಬಿಟ್ಟಳೇ? ಫೋರ್ಕನ್ನು ಆಚೆ ತಳ್ಳಿ ದೊಡ್ಡ ತಟ್ಟೆಗೇ ಕೈ ಹಾಕಿದಳು. ದೋಸೆಯಂಥ ಇಂಜೆರಾ ಹರಿದು, ಕೋಳಿಸಾರಿನಲ್ಲಿ ಅದ್ದಿ, ತಾನು ತಿನ್ನದೆ ಚಿಕ್ಕಮ್ಮನ ಬಾಯಿಗೇ ಹಿಡಿದಳು. ಬಾಯಿಗೆ ಹಿಡಿದ ತುತ್ತನ್ನು ಬೇಡ ಎನ್ನುವ ರೂಢಿ ಆ ಮನೆಯಲ್ಲಿರಲಿಲ್ಲ.

ಎತಗೆನ್ ಬಾಯಿ ತೆರೆದಳು. ಅಗಿದು ನುಂಗಿದ ಮೇಲೆ ಮುಖ ಗಂಟಿಕ್ಕಿ, ಪಿಂಗಾಣಿ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

“ಇಷ್ಟೇನಾ ತುತ್ತು? ಗುಬ್ಬಿಗೆ ಹಾಕಿದ ಹಾಗೆ! ನಿಮ್ಮಮ್ಮ ಕೊಟ್ಟರೆ ಬಾಯಿ ಮುಚ್ಚೋಕೇ ಆಗ್ತಿರಲಿಲ್ಲ. ಜಿಪುಣಿ, ಇನ್ನೊಂದು ಹಾಕೇ, ದೊಡ್ಡದು!”