ನೆಟ್ಟಗೆ ಹತ್ತು ನಿಮಿಷ

ಆರನೇ ಇಯತ್ತೆಯ ಹುಡುಗಿ ಪಾಠದ ನಡುವೆ ಪದೇಪದೇ ಕತ್ತು ಕೊಂಕಿಸುತ್ತಿದ್ದಳು. "ಇದು ರೋಗ ಅಂತ ಡಾಕ್ಟರ ಚೀಟಿ ತರ್ರಿ, ಇಲ್ಲಾಂದ್ರ ಟಿ.ಸಿ. ಒಯ್ರಿ," ಎಂದಿದ್ದರು ಹೆಡ್‌ಮಾಸ್ತರರು.

ಆಸ್ಪತ್ರೆಯ ಬಾಗಿಲಲ್ಲಿ ಅವ್ವ ರೂಢಿಯಂತೆ ಮಗಳ ಜಡೆ ಸರಿಪಡಿಸಿ ಹೇಳಿದಳು, "ದೊಡ್ಡ ಡಾಕ್ಟರು. ಅವರ ಮುಂದ ಮಾನ ಕಳೀಬ್ಯಾಡ, ನೆಟ್ಟಗ ಕೂಡು."

ಡಾಕ್ಟರು ಹತ್ತು ನಿಮಿಷ ನೋಡಿದರು. ಹುಡುಗಿ ಮುಷ್ಟಿ ಬಿಗಿಹಿಡಿದು ಗೊಂಬೆಯಂತೆ ಕೂತಿದ್ದಳು.

"ಮನ್ಯಾಗ ದಿನಾ ಮಾಡ್ತಾಳ್ರೀ ಸಾಹೇಬ್ರ!" ಅವ್ವ ಗೋಗರೆದಳು.

"ಇಲ್ಲಿ ಒಂದ ಸಲನೂ ಮಾಡ್ಲಿಲ್ಲಲ್ಲ ತಾಯಿ. ತಡಕೊಳ್ಳಾಕ ಬರತದ ಅಂದ್ರ ಅದು ರೋಗ ಅಲ್ಲ, ಹಟ," ಎಂದ ಡಾಕ್ಟರು ಹಾಗೆಯೇ ಬರೆದು ಸಹಿ ಹಾಕಿದರು.

ಹೊರಗೆ ಬಂದೊಡನೆ ಹುಡುಗಿಯ ಕತ್ತು ಒಂದೇ ಸಮನೆ ಕೊಂಕತೊಡಗಿತು. ಅದರ ನಡುವೆಯೇ ಅವಳು ನಗುತ್ತ ಕೇಳಿದಳು:

"ಅವ್ವಾ, ನೆಟ್ಟಗ ಕೂತಿದ್ನಿಲ್ಲ?"